ಗೌರಮ್ಮನವರ ಸೈಕಲ್ಲಿಗೆ ಸಿಕ್ಕ ಸೀಟ್ ಪಿಲ್ಲರ್

೧೯೫೪ರಲ್ಲಿ ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಯುದ್ಧದ ಕಾಲದಲ್ಲಿ ನಾನು ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಯುದ್ಧ ಮುಗಿದ ಮೇಲೆ ನಮ್ಮಂಥವರನ್ನೆಲ್ಲ ಮನೆಗೆ ಕಳಿಸಿದರು. ಕಲಿತ ಕೆಲಸವನ್ನೂ ಒಂದು ವರ್ನಿಯರ್ ಕ್ಯಾಲಿಪರನ್ನೂ ಹಿಡಿದುಕೊಂಡು ಊರಿಗೆ ಬಂದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ತೋರಿಸುವ ಅಳತೆಯ ಸಾಧನ ಅದು. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನ ಕೋಟೆ, ಎಲ್ಲ ಕಡೆಯಿಂದಲೂ ಜನ ಕೆಟ್ಟ ಸೈಕಲ್ಲನ್ನು ಬಸ್ಸಿನ ನೆತ್ತಿಯ ಮೇಲೆ ಹಾಕಿಕೊಂಡು ನನ್ನಲ್ಲಿಗೆ ಬರುತ್ತಿದ್ದರು. ಮೇಷ್ಟರುಗಳು, ಶಾನುಭೋಗರು, ಹೊಗೆಸೊಪ್ಪಿನ ವ್ಯಾಪಾರಿಗಳು, ಅಂಚೆಯವರು. ಅಂಗಡಿ ಮುಚ್ಚಿ ಈಗ ಬಹಳ ಕಾಲವಾಯಿತು. ಕೈಗೆ ಬಂದ ಸೈಕಲ್ಲುಗಳಲ್ಲಿ ಬಹುಪಾಲು ಮರೆತುಹೋಗಿವೆ. ಒಂದು ಮಾತ್ರ ಮರೆತಿಲ್ಲ. ಅದರ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅದು ಗೌರಮ್ಮನವರ ಸೈಕಲ್ಲು. ಗೌರಮ್ಮನವರು ಕಂಪಲಾಪುರದ ಹೆರಿಗೆ ಕೇಂದ್ರದ ಮಿಡ್‌ವೈಫ್. ಹುಣಸೂರಿನ ಕಡೆಯ ಒಕ್ಕಲು ಮನೆತನದವರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಅಣ್ಣಂದಿರ ಮನೆಯಲ್ಲಿ ರಾಗಿ ಬೀಸಿಕೊಂಡು ಕೂರುವುದಿಲ್ಲವೆಂದು ಹಟ ಹಿಡಿದು, ಮೈಸೂರಿಗೆ ಹೋಗಿ ಹೆರಿಗೆ ಮಾಡಿಸುವ ವಿದ್ಯೆ ಕಲಿತು ಬಂದಿದ್ದರು. ಆಗ ಅವರಿಗೆ ಮೂವತ್ತರ ಆಸುಪಾಸು. ಚಿಕ್ಕವರಿದ್ದಾಗ ಗಾಡಿಯಿಂದ ಬಿದ್ದು ಎಡಸೊಂಟ ಮುರಿದಿತ್ತಂತೆ. ಮೂಳೆ ಕೂಡಿಕೊಂಡಿತ್ತು, ಆದರೆ ನೆಟ್ಟಗೆ ಕೂಡಿರಲಿಲ್ಲ. ನಡೆಯುವಾಗ ಎಡಗಾಲನ್ನು ಒಂದಿಷ್ಟು ಎಳೆದು ಹಾಕುತ್ತಿದ್ದರು. ಒಂದೆರಡು ಮೈಲಿ ನಡೆದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅವರ ಪಾಲಿಗೆ ಬಂದ ಹಳ್ಳಿಗಳೋ ರಸ್ತೆಯಿಂದ ದೂರ. ಅವುಗಳಿಂದಾಚೆ ಕಾಡಿನ ಅಂಚಿಗೆ ಜೇನುಕುರುಬರ ಹಾಡಿಗಳು, ಅಂದರೆ ಗುಡಿಸಲ ಕೇರಿಗಳು. ಅಲ್ಲಿಂದ ಯಾರಾದರೂ ಓಡಿಬಂದು ಕರೆದರೆ, ಗಾಡಿ ಹೂಡಿಸಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಅದಕ್ಕೇ ಸೈಕಲ್ಲು ಕೊಂಡದ್ದು. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಅವನ ಹೆಂಡತಿಯ ಹಳೆಯ ಸೈಕಲ್ಲು ಅಡಿಗೆಯವನ ಪಾಲಿಗೆ ಬಂದಿತ್ತು. ಅವನಿಂದ ಗೌರಮ್ಮನವರು ಕೊಂಡರು. ಇಂಗ್ಲೆಂಡಿನದು, ಹೆಂಗಸರ ಸೈಕಲ್ಲು, ನಡುವೆ ಅಡ್ಡಬಾರು ಇಲ್ಲದ್ದು. ನನಗಿಂತ ಹತ್ತು ವರ್ಷ ದೊಡ್ಡದಿರಬೇಕು. ಆದರೂ ಚಕ್ರ ತಿರುಗಿಸಿದರೆ ಗಡಿಯಾರದ ಹಾಗೆ ಸದ್ದಿಲ್ಲದೆ ತಿರುಗುತ್ತಿತ್ತು.

ಅದನ್ನು ನನ್ನ ಅಂಗಡಿಗೆ ತಂದ ದಿನ ಅವರು ಹೇಳಿದ್ದು ಇಷ್ಟೇ: "ಮಲ್ಲಣ್ಣ, ತುಳಿಯಕ್ಕೆ ಆಗ್ತಾ ಇಲ್ಲ. ಎಡತೊಡೆ ಮೇಲಕ್ಕೆ ಬರಾಕಿಲ್ಲ. ನಾಕು ಸುತ್ತು ತುಳಿದ್ರೆ ಜೀವ ಹೋದಂಗಾಗ್ತದೆ."

ಹತ್ತಿಸಿ ನೋಡಿದೆ. ಆ ಸೈಕಲ್ಲಿನಲ್ಲಿ ಸೀಟು ಪೆಡಲಿಗಿಂತ ಬಹಳ ಹಿಂದಕ್ಕಿತ್ತು. ಹಾಗೆ ಹಿಂದೆ ಕೂತು ತುಳಿಯಬೇಕಾದರೆ ಮೊಣಕಾಲು ಹೊಟ್ಟೆಯ ಮಟ್ಟಕ್ಕೆ ಏರಿ ಇಳಿಯಬೇಕು. ಅವರ ಸೊಂಟ ಅಷ್ಟು ಮಡಿಚುತ್ತಿರಲಿಲ್ಲ. ಸೀಟು ಎತ್ತರಿಸಿದರೆ ಕಾಲು ಪೆಡಲಿಗೆ ಎಟುಕದು. ಇಳಿಸಿದರೆ ನೋವು ಇನ್ನೂ ಹೆಚ್ಚು. ಉಳಿದದ್ದು ಒಂದೇ ದಾರಿ, ಸೀಟನ್ನು ಮುಂದಕ್ಕೆ ತಂದು ಹೆಚ್ಚುಕಡಿಮೆ ಪೆಡಲಿನ ನೆತ್ತಿಯ ಮೇಲೆ ಕೂರಿಸುವುದು.

ಇದಕ್ಕೆ ಬೇಕಾದದ್ದು ಏಳರ ಆಕಾರದ ಸೀಟ್ ಪಿಲ್ಲರ್. ಸೀಟನ್ನು ಹೊತ್ತು ನಿಂತು ಫ್ರೇಮಿನ ಕೊಳವೆಯೊಳಕ್ಕೆ ಇಳಿಯುವ ಕಬ್ಬಿಣದ ನಳಿಗೆಗೆ ಸೀಟ್ ಪಿಲ್ಲರ್ ಎನ್ನುತ್ತಾರೆ. ನಾವು ದಿನಾ ನೋಡುವ ಸೈಕಲ್ಲುಗಳಲ್ಲಿ ಅದು ನೆಟ್ಟಗಿರುತ್ತದೆ. ಹಿಂದಿನ ಕಾಲದ ಕೆಲವು ಸೈಕಲ್ಲುಗಳಲ್ಲಿ ಮೇಲ್ತುದಿ ಒಂದು ಕಡೆಗೆ ಮಡಿಚಿ, ಇಂಗ್ಲಿಷ್ ಅಂಕಿಯ ಏಳರ ಹಾಗೆ ಕಾಣುತ್ತದೆ. ಆ ತೋಳು ಮುಂದೆ ಬರುವಂತೆ ಹಾಕಿದರೆ ಸೀಟು ಮುಂದೆ ಬರುತ್ತದೆ. ಸುಲಭದ ಕೆಲಸವೆಂದು ನಾನು ಎಣಿಸಿದೆ. ಕ್ಯಾಲಿಪರ್ ಇಟ್ಟು ಕೊಳವೆಯ ಒಳ ಅಳತೆ ನೋಡಿದಾಗ ತಿಳಿಯಿತು ಅದು ಸುಲಭವಲ್ಲವೆಂದು. ಸಾಮಾನ್ಯ ಸೈಕಲ್ಲಿನ ಪಿಲ್ಲರ್ ಒಂದಿಂಚು ದಪ್ಪ. ಇದಕ್ಕೆ ಬೇಕಾದದ್ದು ಒಂದಿಂಚಿನ ಮೇಲೆ ಇಂಚಿನ ಮೂವತ್ತೆರಡನೇ ಒಂದು ಭಾಗ. ಒಂದಿಂಚಿನದು ಹಾಕಿದರೆ ಲೊಡಲೊಡ ಅಲ್ಲಾಡುತ್ತದೆ. ಅದಕ್ಕಿಂತ ಮುಂದಿನ ಅಳತೆಯದು ಒಳಗೇ ಹೋಗುವುದಿಲ್ಲ.

ಒಂದಿಂಚಿನ ಏಳರ ಪಿಲ್ಲರ್ ಒಂದು ನನ್ನ ಹಳೆ ಸಾಮಾನಿನಲ್ಲಿ ಇತ್ತು. ಅದಕ್ಕೆ ತೆಳು ತಗಡು ಸುತ್ತಿ ಬಿಗಿ ಮಾಡಿ ಹಾಕಿದೆ. ನೆಟ್ಟಗಿನ ಪಿಲ್ಲರಿಗಾದರೆ ಆ ಉಪಾಯ ನಡೆಯುತ್ತದೆ. ಇಲ್ಲಿ ಮೈಭಾರವೆಲ್ಲ ಮುಂಚಾಚಿದ ತೋಳಿನ ಮೇಲೆ ಬಿದ್ದು, ಒಂದು ಹಳ್ಳ ಎಗರಿದರೆ ಸಾಕು, ಪಿಲ್ಲರ್ ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಆಮೇಲೆ ಮೈಸೂರಿನ ಲೇತ್ ಕೆಲಸದವನೊಬ್ಬನಿಂದ ನೀರಿನ ಪೈಪನ್ನು ಕಡೆಸಿ, ತೋಳನ್ನು ಬೆಸೆಸಿ ತಂದೆ. ಒಂದು ವಾರ ಬಾಳಿತು. ಬೆಸುಗೆಯ ಜಾಗದಲ್ಲಿ ಸೀಳು ಬಿಟ್ಟು, ಗೌರಮ್ಮನವರು ಕಂಪಲಾಪುರದ ಕೆರೆ ಏರಿಯ ಮೇಲೆ ಬಿದ್ದು ಮುಂಗೈ ತರಚಿಕೊಂಡು ಬಂದರು. ಹೆರಿಗೆಯ ಚೀಲ ಮಾತ್ರ ನೆಲಕ್ಕೆ ತಾಗಗೊಟ್ಟಿರಲಿಲ್ಲ.

"ಇದು ಆಗದ ಕೆಲ್ಸವಾದ್ರೆ ಈಗ್ಲೇ ಹೇಳ್ಬುಡಿ ಅಣ್ಣ. ನಾನು ನಡೆಯಕ್ಕೆ ಮನಸ್ಸು ಗಟ್ಟಿ ಮಾಡ್ಕೊತೀನಿ," ಎಂದರು.

"ಆಗ್ತದೆ ಬುಡಿ," ಎಂದೆ.

ಅಲ್ಲಿಂದ ಹುಡುಕಾಟ ಶುರುವಾಯಿತು. ಪಿರಿಯಾಪಟ್ಟಣದ ಅಂಗಡಿಗಳಲ್ಲಿ ಕೇಳಿದೆ. ಮೈಸೂರಿನಲ್ಲಿ ಹಳೆ ಕಬ್ಬಿಣ ಮಾರುವವರ ರಾಶಿಗಳನ್ನು ಕೆದಕಿದೆ. ಕೋಟೆಯಲ್ಲಿ ಹಳೆಯ ಅಮಲ್ದಾರರೊಬ್ಬರ ಸೈಕಲ್ಲು ಇದೆಯೆಂದು ಕೇಳಿ ಹೋದರೆ, ಅದರ ಪಿಲ್ಲರ್ ತುಕ್ಕು ಹಿಡಿದು ಫ್ರೇಮಿನೊಂದಿಗೆ ಒಂದಾಗಿ ಹೋಗಿತ್ತು. ದಪ್ಪ ಅಳತೆಯ ಏಳರ ಪಿಲ್ಲರ್ ಸಿಕ್ಕಿದ್ದರೂ ಅರದಲ್ಲಿ ಉಜ್ಜಿ ಕೂರಿಸಬಹುದಿತ್ತು. ಅದೂ ಸಿಗಲಿಲ್ಲ. ಕೊನೆಗೆ ಕೃಷ್ಣರಾಜನಗರದ ಸ್ಟೇಷನ್ ಬಳಿಯ ಸೈಕಲ್ ಅಂಗಡಿಯವನು ನನ್ನ ಬಾಯಲ್ಲಿ ಸೈಕಲ್ಲಿನ ಗುರುತು ಕೇಳಿ, "ಇಂಥದ್ದೇ ಒಂದು ಮಿರ್ಲೆ ಕಡೆ ರುದ್ರಪ್ಪನೋರ ಮನೇಲದೆ ಕಣಣ್ಣ. ಅವರಪ್ಪನ ಕಾಲದ್ದು. ಈಗ ಯಾರೂ ಹತ್ತಾಕಿಲ್ಲ," ಎಂದ.

ರುದ್ರಪ್ಪನವರು ಮಿರ್ಲೆಯ ಹತ್ತಿರದ ಹಳ್ಳಿಯ ಜಮೀನುದಾರರು. ನಾಲೆ ಬಯಲಿನ ಗದ್ದೆ, ಅಕ್ಕಿ ಗಿರಣಿ, ಮನೆ ಮುಂದೆ ಒಂದು ಮೋಟಾರು ಕಾರು. ತಾಲ್ಲೂಕಿನಲ್ಲಿ ಯಾವ ಸಮಿತಿಯಾದರೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ನಾನು ಹೋದಾಗ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದರು. ವಿಷಯ ಕೇಳಿ, ಆಳನ್ನು ಅಟ್ಟ ಹತ್ತಿಸಿ ಸೈಕಲ್ಲನ್ನು ಇಳಿಸಿದರು. ಮುಂದಿನ ಚಕ್ರವೇ ಇರಲಿಲ್ಲ. ಪಿಲ್ಲರ್ ಮಾತ್ರ ಎಣ್ಣೆ ಜಿಡ್ಡಿನೊಳಗೆ ಹೊಸದರಂತೆ ಉಳಿದಿತ್ತು. ಬಿಚ್ಚಿ ಕ್ಯಾಲಿಪರ್ ಇಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಕ್ಷಣ ನನಗಾದ ಸಂತೋಷವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೆಲೆ ಕೇಳಿದೆ. ರುದ್ರಪ್ಪನವರು ನಕ್ಕುಬಿಟ್ಟರು. "ಊರೂರು ಅಲೀತಾ ಎಂಗಸ್ರ ಜೀವ ಉಳಿಸೋ ತಾಯಿ ಅವ್ರು. ಅವರತ್ರ ಕಾಸು ಈಸ್ಕೊಂಡ್ರೆ ನಾನೂ ಒಬ್ಬ ಮನ್ಸನೇನಯ್ಯ. ತಗಂಡೋಗು." ನಾನು ಎದ್ದು ಹೊರಟಾಗ ಹಿಂದಿನಿಂದ ಒಂದು ಮಾತು ಸೇರಿಸಿದರು: "ನಮ್ಮನೇಲೂ ಒಂದು ಮಗು ಬರೋದದೆ, ಮಗಳು ಚೊಚ್ಚಲು ಬಸುರಿ. ನರ್ಸಮ್ಮಂಗೆ ಗ್ಯಾನ ಇರ್ಲಿ ಅಂತ ಹೇಳು."

ಹಾಗೆಯೇ ಹೇಳಿದೆ. ಗೌರಮ್ಮನವರು, "ಅವ್ರ ಊರು ನಂಗೆ ಸೇರಿದ್ದಲ್ಲವಲ್ಲ ಅಣ್ಣ," ಎಂದರು. ಆಮೇಲೆ ಪಿಲ್ಲರನ್ನು ಕೈಯಲ್ಲಿ ಹಿಡಿದು ನೋಡಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಪಿಲ್ಲರ್ ಒಳಗೆ ಇಳಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ತಳ್ಳಲೂ ಬೇಕಿರಲಿಲ್ಲ, ಬಡಿಯಲೂ ಬೇಕಿರಲಿಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿದು ನಿಂತಿತು. ತೋಳನ್ನು ಮುಂದಕ್ಕೆ ತಿರುಗಿಸಿ, ಹಳೆ ಬೋಲ್ಟು ಸವೆದಿದ್ದರಿಂದ ನನ್ನದೇ ಹೊಸ ಬೋಲ್ಟು ಹಾಕಿ ಬಿಗಿದೆ. ಅವರನ್ನು ಹತ್ತಿಸಿ, ಇಳಿಸಿ, ಸೀಟನ್ನು ತೋಳಿನ ಮೇಲೆ ಚೂರು ಚೂರೇ ಸರಿಸಿ ಹೊಂದಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ನಿಲ್ದಾಣವನ್ನು ಎರಡು ಸುತ್ತು ಸುತ್ತಿ ಬಂದರು. ಹೋಟೆಲಿನ ಮುಂದೆ ಕೂತಿದ್ದ ಗಂಡಸರು ಬಾಯಿ ಬಿಟ್ಟುಕೊಂಡು ನೋಡಿದರು. ಯಾರೋ ಏನೋ ಅಂದರು. ಅವರು ಅತ್ತ ತಿರುಗಲಿಲ್ಲ. "ನೋವಿಲ್ಲ ಅಣ್ಣ," ಎಂದಷ್ಟೇ ಹೇಳಿ, ಬಸ್ಸಿಗೆ ಕಾಯದೆ ಕಂಪಲಾಪುರಕ್ಕೆ ಸೈಕಲ್ಲಿನಲ್ಲೇ ಹೋದರು.

ಆ ಬೇಸಿಗೆಯಲ್ಲಿ ಅವರು ಹೋಗದ ಹಳ್ಳಿ ಇಲ್ಲ. ಮೊದಲು ನಕ್ಕ ಹೆಂಗಸರೇ ದಾರಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ದನ ಪಕ್ಕಕ್ಕೆ ಹಿಡಿಯತೊಡಗಿದರು. ನನ್ನ ಅಂಗಡಿಗೆ ಬಂದ ಕಂಪಲಾಪುರದ ರೈತನೊಬ್ಬ, "ನರ್ಸಮ್ಮ ಕುದ್ರೆ ಮ್ಯಾಲೆ ಬಂದಂಗ್ ಬತ್ತಾರೆ ಕಣ್ರೀ," ಎಂದ. ನನ್ನ ಕೆಲಸ ಒಳ್ಳೆಯದಾಗಿದೆ ಎಂದುಕೊಂಡೆ.

ಮಳೆಗಾಲದ ಮೊದಲಲ್ಲಿ ರುದ್ರಪ್ಪನವರ ಕಾರು ಕಂಪಲಾಪುರಕ್ಕೆ ಬಂತು. ಮುಂದೆ ನಡೆದದ್ದನ್ನು ಗೌರಮ್ಮನವರೇ ನನಗೆ ಹೇಳಿದರು. ಅವತ್ತು ಬೆಳಿಗ್ಗೆ ಅವರು ಕಾಡಂಚಿನ ಒಂದು ಹಾಡಿಗೆ ಹೋಗಿದ್ದರು. ಅಲ್ಲಿ ಕಾಳಿ ಎಂಬ ಹೆಂಗಸಿಗೆ ಹಿಂದಿನ ದಿನದಿಂದ ನೋವು. ಮಗು ಕಾಲು ಕೆಳಗಾಗಿ ನಿಂತಿತ್ತು. ಸೈಕಲ್ಲು ಇಲ್ಲದಿದ್ದರೆ ಅಲ್ಲಿಗೆ ಹೋಗುವಷ್ಟರಲ್ಲಿ ತಾಯಿಯೂ ಇರುತ್ತಿರಲಿಲ್ಲ, ಮಗುವೂ ಇರುತ್ತಿರಲಿಲ್ಲ. ಎರಡು ಜೀವವನ್ನೂ ಉಳಿಸಿ, ಮೈಯೆಲ್ಲ ಕೆಸರಾಗಿ ಸಂಜೆಗೆ ವಾಪಸು ಬಂದರೆ, ಕೇಂದ್ರದ ಮುಂದೆ ಕಾರು. ಬೆಳಗಿನಿಂದ ಕಾದು ಸಿಟ್ಟಾಗಿದ್ದ ರುದ್ರಪ್ಪನವರ ಆಳು ಚೆನ್ನ, "ಒರಡಿ ನರ್ಸಮ್ಮ, ಅಯ್ನೋರು ಕರ್ಕೊಂಡ್ ಬಾ ಅಂದವ್ರೆ," ಎಂದ.

"ನೋವು ಬಂದದೇನಪ್ಪ?"

"ಇಲ್ಲ. ಇನ್ನೂ ಅದ್ನೈದು ದಿನ ಅದಂತೆ. ಎರಿಗೆ ಆಗೋಗಂಟ ನೀವು ಅಲ್ಲೇ ಇರ್ಬೇಕಂತೆ."

ಗೌರಮ್ಮನವರು ಬರುವುದಿಲ್ಲ ಎಂದರು. ತಮ್ಮ ಹಳ್ಳಿಗಳಲ್ಲಿ ದಿನ ತುಂಬಿದವರು ನಾಲ್ಕು ಜನ ಇದ್ದಾರೆ, ತಾಲ್ಲೂಕು ಬಿಟ್ಟು ಹೋಗಲು ತಮಗೆ ಅಧಿಕಾರವೂ ಇಲ್ಲ, ಮಿರ್ಲೆ ಕಡೆಗೆ ಬೇರೆ ಮಿಡ್‌ವೈಫ್ ಇದ್ದಾರೆ, ನಿಜವಾಗಿ ಕಷ್ಟವಾದರೆ ಕಾರು ಕಳಿಸಿ, ಆಗ ಬರುತ್ತೇನೆ ಎಂದರು. ಇದಕ್ಕಿಂತ ನ್ಯಾಯವಾದ ಮಾತು ಯಾರೂ ಆಡಲಾರರು. ಚೆನ್ನ ಖಾಲಿ ಕಾರಿನಲ್ಲಿ ಹಿಂದಿರುಗಿದ.

ವಾರ ಕಳೆದ ಮೇಲೆ ಗೌರಮ್ಮನವರು ಬಸ್ಸಿನಿಂದ ಇಳಿಸಿದ ಸೈಕಲ್ಲನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. ಹಿಂದೆ ಚೆನ್ನ. ಅವನ ಮುಖ ನೆಲ ನೋಡುತ್ತಿತ್ತು.

"ಮಲ್ಲಣ್ಣ, ಆ ಸೀಟಿನ ಕೆಳಗಿನ ಪೈಪು ಬಿಚ್ಕೊಡ್ಬೇಕಂತೆ," ಎಂದ.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ಲಾ?"

"ನಂಗೇನ್ ಗೊತ್ತಣ್ಣ. ತಕಬಾ ಅಂದ್ರು, ಬಂದೆ. ನಟ್ಟು ಬೋಲ್ಟೂ ಬಿಡ್ಬ್ಯಾಡ ಅಂದವ್ರೆ."

"ಬೋಲ್ಟು ನಂದು. ಹಂಗಂತ ಹೋಗಿ ಹೇಳು. ಪೈಪೂ ಕೊಡಾಕಿಲ್ಲ ಅಂತ ಹೇಳು."

ಗೌರಮ್ಮನವರು ನನ್ನನ್ನು ತಡೆದರು. "ಬಿಚ್ಚಿಕೊಡಿ ಅಣ್ಣ. ಇನ್ನೊಬ್ರ ಕಬ್ಬಿಣದ ಮ್ಯಾಲೆ ಕೂತು ನಾನು ಎಷ್ಟು ದಿನ ಓಡಾಡ್ಲಿ. ಇವತ್ತು ಇಟ್ಕೊಂಡ್ರೆ ನಾಳೆ ಇದ್ನ ತೋರ್ಸಿ ಇನ್ನೊಂದು ಕೇಳ್ತಾರೆ."

ನಾನು ಸ್ಪ್ಯಾನರ್ ಕೈಗೆತ್ತಿಕೊಳ್ಳಲಿಲ್ಲ. ಅವರೇ ಹಲಗೆಯ ಮೇಲಿಂದ ಎತ್ತಿ ನನ್ನ ಕೈಗೆ ಇಟ್ಟರು. ಬಿಚ್ಚಿದೆ. ಹಾಕುವಾಗ ಎಷ್ಟು ಸಲೀಸಾಗಿ ಇಳಿದಿತ್ತೋ, ತೆಗೆಯುವಾಗಲೂ ಅಷ್ಟೇ ಸಲೀಸಾಗಿ ಬಂತು. ಚೆನ್ನ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ. ಗೌರಮ್ಮನವರು ಸೈಕಲ್ಲನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಇನ್ನೊಂದು ಬಸ್ಸಿನಲ್ಲಿ ಹೋದರು.

ಎರಡು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ದಿನ ಅಂಗಡಿ ಮುಚ್ಚಿ ರುದ್ರಪ್ಪನವರ ಊರಿಗೆ ಹೋದೆ, ಕೇಳಿದ ಬೆಲೆಗೆ ಪಿಲ್ಲರನ್ನು ಕೊಳ್ಳುತ್ತೇನೆಂದು ಹೇಳಲು. ಅವರು ಮನೆಯಲ್ಲಿರಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಕಾದು ನಿಂತೆ. ಅಲ್ಲಿ ಮಣ್ಣಿನ ಗೋಡೆಗೆ ಹೊಳೆಯುವ ಏನನ್ನೋ ಬಡಿದಿದ್ದರು. ನೋಡಿದರೆ ಅದೇ ಪಿಲ್ಲರ್. ಅದರ ನಳಿಗೆಯನ್ನು ಗೋಡೆಯೊಳಕ್ಕೆ ಹೊಡೆದು, ಹೊರಗುಳಿದ ತೋಳಿಗೆ ಎತ್ತಿನ ಮೂಗುದಾರ, ಹಗ್ಗ ನೇತುಹಾಕಿದ್ದರು. ಸುತ್ತಿಗೆಯ ಏಟಿಗೆ ತಲೆ ಚಪ್ಪಟೆಯಾಗಿತ್ತು. ಅಳತೆ ಕೆಟ್ಟಿತ್ತು. ಕಿತ್ತುಕೊಂಡು ಹೋದರೂ ಇನ್ನು ಉಪಯೋಗವಿರಲಿಲ್ಲ.

ಅಷ್ಟರಲ್ಲಿ ರುದ್ರಪ್ಪನವರು ಬಂದರು. ನಾನು ಏನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಾಯಿತು. ಸಿಟ್ಟಾಗಲಿಲ್ಲ. ಮೊದಲ ಸಲದ ಹಾಗೆಯೇ ಮಜ್ಜಿಗೆ ತರಿಸಿದರು.

"ಕೆಲ್ಸ ಚೆಂದಾಗಿ ಮಾಡ್ತೀಯ ಕಣಯ್ಯ," ಎಂದರು. "ಯಾರಿಗೆ ಮಾಡ್ಕೊಡ್ತಿದ್ದೀನಿ ಅಂತ ವಸಿ ನೋಡ್ಕಂಡು ಮಾಡು. ಕಾಡೋರ ಮನೆ ಬಾಣಂತನಕ್ಕೆ ಒತ್ತಾರೆ ಎದ್ದು ಓಡ್ತಾಳೆ, ನಮ್ಮನೆಗೆ ಬರಕ್ಕೆ ರೂಲು ಏಳ್ತಾಳೆ."

ಮಜ್ಜಿಗೆ ಕುಡಿಯದೆ ಎದ್ದು ಬಂದೆ. ಅವರ ಮಗಳಿಗೆ ಮುಂದಿನ ವಾರ ಸುಸೂತ್ರವಾಗಿ ಗಂಡುಮಗುವಾಯಿತು. ಮೈಸೂರಿನಿಂದ ಲೇಡಿ ಡಾಕ್ಟರನ್ನು ಕರೆಸಿದ್ದರಂತೆ. ಊರಿಗೆಲ್ಲ ಸಕ್ಕರೆ ಹಂಚಿದರಂತೆ. ಅವರಿಗೆ ಯಾವ ನಷ್ಟವೂ ಆಗಲಿಲ್ಲ. ಆದರೂ ಅಲ್ಲಿಗೆ ಬಿಡಲಿಲ್ಲ. ಕರೆದರೆ ಬರುವುದಿಲ್ಲ, ವಿಧವೆಯಾಗಿ ಸೈಕಲ್ಲಿನ ಮೇಲೆ ತಿರುಗುತ್ತಾಳೆ ಎಂದು ಮೇಲಿನವರಿಗೆ ದೂರು ಹೋಯಿತು. ಕೆಳಗೆ ಸಹಿ ಹಾಕಿದವರಲ್ಲಿ ಕಂಪಲಾಪುರದವರೂ ಇದ್ದರೆಂದು ಆಮೇಲೆ ತಿಳಿಯಿತು. ಅವರಲ್ಲಿ ಇಬ್ಬರ ಮನೆಯ ಮಕ್ಕಳು ಗೌರಮ್ಮನವರ ಕೈಯಲ್ಲೇ ಹುಟ್ಟಿದ್ದವು. ದಸರಾ ಮುಗಿಯುವುದರೊಳಗೆ ಅವರನ್ನು ಎನ್. ಬೇಗೂರಿಗೆ ವರ್ಗ ಮಾಡಿದರು.

ಎನ್. ಬೇಗೂರು ಕೋಟೆ ತಾಲ್ಲೂಕಿನ ಕಾಡಂಚಿನ ಊರು. ಆಚೆಗೆ ಈಗಿನ ಕೇರಳದ ಗಡಿ. ಚಳಿಜ್ವರಕ್ಕೆ ಹೆದರಿ ಸರ್ಕಾರಿ ನೌಕರರು ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಗೌರಮ್ಮನವರು ಹೊರಟರು. ಹೋಗುವ ಮುಂಚೆ ಅಂಗಡಿಗೆ ಬಂದು ಸೈಕಲ್ಲನ್ನು ಲಾರಿಗೆ ಹಾಕಿಸಿಕೊಂಡರು. "ಇನ್ನೊಂದು ಪಿಲ್ಲರ್ ಮಾಡಿಸಿ ನಾನೇ ತತ್ತೀನಿ," ಎಂದು ನಾನು ಹೇಳಿದೆ.

ಆ ಮಾತಿನಂತೆ ಕೆಲಸಕ್ಕೆ ಕೂತೆ. ನೀರಿನ ಪೈಪಿನ ಸಹವಾಸ ಬೇಡವೆಂದು, ಕೆಟ್ಟ ಲಾರಿಯೊಂದರ ಗಟ್ಟಿ ಉಕ್ಕಿನ ಸರಳನ್ನು ಕಮ್ಮಾರನಿಂದ ಕಾಯಿಸಿ ಏಳರ ಆಕಾರಕ್ಕೆ ಬಗ್ಗಿಸಿದೆ. ಬೆಸುಗೆಯೇ ಇಲ್ಲ. ಉಳಿದದ್ದನ್ನು ನಾನೇ ಅರದಲ್ಲಿ ಉಜ್ಜಿದೆ. ದಿನಾ ಸಂಜೆ ಅಷ್ಟಷ್ಟು ಉಜ್ಜುವುದು, ಕ್ಯಾಲಿಪರ್ ಇಡುವುದು, ಮತ್ತೆ ಉಜ್ಜುವುದು. ಮುಗಿಯುವ ಹೊತ್ತಿಗೆ ಸಂಕ್ರಾಂತಿ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ಕೆಲಸ ಇನ್ನೊಂದು ಮಾಡಿಲ್ಲ.

ಬಸ್ಸಿನಲ್ಲಿ ಕೋಟೆಗೆ ಹೋಗಿ, ಅಲ್ಲಿಂದ ಮರ ತರಲು ಹೊರಟಿದ್ದ ಲಾರಿ ಹತ್ತಿ ಎನ್. ಬೇಗೂರು ಸೇರಿದೆ. ಹೆರಿಗೆ ಕೇಂದ್ರವೆಂದರೆ ಹೆಂಚಿನ ಒಂದು ಕೋಣೆ. ಗೌರಮ್ಮನವರು ಬಾಗಿಲ ಬಳಿ ಮಣೆಯ ಮೇಲೆ ಎಡಗಾಲು ಚಾಚಿ ಕೂತಿದ್ದರು. ಜ್ವರದಲ್ಲಿ ಮುಖ ಕಪ್ಪಿಟ್ಟು, ಕೆನ್ನೆ ಒಳಕ್ಕೆ ಹೋಗಿತ್ತು. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಮತ್ತೆ ಕೂತರು.

ಪಿಲ್ಲರನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. ನಯ ಮಾಡಿದ ಮೈ ಮೇಲೆ ಬೆರಳಾಡಿಸಿದರು.

"ಇಲ್ಲಿ ಸೈಕಲ್ ಓಡ್ಸಕ್ಕೆ ದಾರಿ ಎಲ್ಲದೆ ಅಣ್ಣ," ಎಂದರು. "ಮರಳು, ಕಲ್ಲು, ಬೇರು. ಆನೆ ತುಳ್ದ ಗುಂಡಿ. ನಡ್ಕೊಂಡೇ ಹೋಗ್ಬೇಕು. ಸೊಂಟ ಪೂರ್ತಿ ಹೋಯ್ತು. ಸೈಕಲ್ನ ಹೋದ ತಿಂಗ್ಳೇ ಮಾರ್ಬುಟ್ಟೆ."

ಪಿಲ್ಲರನ್ನು ನನ್ನ ಕೈಗೆ ಹಿಂದಕ್ಕೆ ಕೊಟ್ಟರು.

"ಕಾಳಿ ಮಗು ಹೆಂಗದೆ, ಆ ಕಡೆ ಹೋದೋರು ಯಾರಾದ್ರೂ ಹೇಳಿದ್ರಾ?" ಎಂದು ಅವರೇ ಕೇಳಿದರು. ಚೆನ್ನಾಗಿದೆಯಂತೆ ಎಂದೆ. ನನಗೆ ಗೊತ್ತಿರಲಿಲ್ಲ. ಕಂಪಲಾಪುರದ ಕೇಂದ್ರಕ್ಕೆ ಅವರ ನಂತರ ಬೇರೆ ಯಾರೂ ಬಂದಿಲ್ಲ, ಬೀಗ ಹಾಕಿದೆ ಎಂಬುದು ಗೊತ್ತಿತ್ತು. ಅದನ್ನು ಹೇಳಲಿಲ್ಲ.

ಆ ವರ್ಷವೇ ಅವರು ಕೆಲಸ ಬಿಟ್ಟರು. ಅಣ್ಣಂದಿರ ಮನೆಗೆ ಹೋಗಿ ಸೇರಿದರೆಂದು ಕೇಳಿದೆ. ಯಾವ ಮನೆಯಲ್ಲಿ ರಾಗಿ ಬೀಸುವುದಿಲ್ಲವೆಂದು ಹೊರಟು ಬಂದಿದ್ದರೋ ಅದೇ ಮನೆಗೆ.

ರಿಪೇರಿಯವನಿಗೆ ಅಳತೆ ಸರಿಹೊಂದಿದರೆ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ಆಮೇಲೆ ಅಂಗಡಿ ಇದ್ದಷ್ಟು ಕಾಲವೂ ಒಂದು ಪದ್ಧತಿ ಇಟ್ಟುಕೊಂಡೆ. ಯಾರಾದರೂ ದೊಡ್ಡವರು ಪುಕ್ಕಟೆ ಕೊಟ್ಟರೆಂದು ಬಿಡಿಭಾಗ ತಂದರೆ, ಅದನ್ನು ಯಾರ ಸೈಕಲ್ಲಿಗೂ ಹಾಕುತ್ತಿರಲಿಲ್ಲ. ಬೆಲೆ ಕೊಟ್ಟು ತನ್ನಿ, ಇಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಿ ಎನ್ನುತ್ತಿದ್ದೆ. ಜನ ನನ್ನನ್ನು ಮೊಂಡನೆಂದರು, ಎಷ್ಟೋ ಗಿರಾಕಿಗಳು ಬಿಟ್ಟುಹೋದರು. ಧರ್ಮಕ್ಕೆ ಕೊಟ್ಟದ್ದರ ಒಂದು ತುದಿ ಕೊಟ್ಟವರ ಕೈಯಲ್ಲೇ ಇರುತ್ತದೆ, ಬೇಕೆಂದಾಗ ಎಳೆದುಕೊಳ್ಳುತ್ತಾರೆ. ಬೀಳುವವರು ಅದರ ಮೇಲೆ ಕೂತವರು.